ಸಹಗುಣಕ ಹಾಕಿದರೂ ಸಮೀಕರಣ ಸರಿದೂಗುತ್ತಿಲ್ಲ: ಅದಿರು–ಕಬ್ಬಿಣದ ಲೆಕ್ಕ

ಪ್ರಶ್ನೆ (ವಿಜ್ಞಾನ ಶಿಕ್ಷಕಿ, ಸಂಡೂರು ತಾಲ್ಲೂಕು)
ಎಂಟನೇ ತರಗತಿ ಮಕ್ಕಳಿಗೆ ನಮ್ಮ ಕಡೆಯದೇ ಉದಾಹರಣೆ ಇರಲಿ ಅಂತ ಅದಿರಿನಿಂದ ಕಬ್ಬಿಣ ತೆಗೆಯುವ ಸಮೀಕರಣ ಕೊಟ್ಟೆ. (ಕನ್ನಡ ಕೀಬೋರ್ಡ್, ಸಂಕೇತಗಳನ್ನು ಓದುವ ಹಾಗೆ ಬರೆದಿದ್ದೇನೆ: ಎಫ್‌ಇ ಕಬ್ಬಿಣ, ಒ ಆಕ್ಸಿಜನ್, ಸಿ ಕಾರ್ಬನ್. ಎಫ್‌ಇ₂ಒ₃ ಅದಿರು, ಸಿಒ ಕಾರ್ಬನ್ ಮಾನಾಕ್ಸೈಡ್.)

ಎಫ್‌ಇ₂ಒ₃ + ಸಿಒ → ಎಫ್‌ಇ + ಸಿಒ₂

ಬಹಳಷ್ಟು ಮಂದಿ ಬಲಕ್ಕೆ 2ಎಫ್‌ಇ, 2ಸಿಒ₂ ಬರೆದು, ಆಕ್ಸಿಜನ್ ಎರಡೂ ಕಡೆ 4 ಬಂತು ಅಂತ ನಿಲ್ಲಿಸುತ್ತಾರೆ. ಕಾರ್ಬನ್ ತಾಳೆಯಾಗಲಿಲ್ಲವಲ್ಲ ಅಂದರೆ ಸಿಒ ಅನ್ನೇ ಸಿ₂ಒ ಮಾಡಿಬಿಡುತ್ತಾರೆ. ಎಲ್ಲಿ ಹಿಡಿದು ತಿದ್ದಲಿ?

ಉತ್ತರ (ರಾಯಚೂರು)
ಮೇಡಂ, ಸೂತ್ರ ಬಾಲ್‌ಪೆನ್ನಿನಲ್ಲಿ, ಸಹಗುಣಕ (ಸೂತ್ರದ ಮುಂದೆ ಹಾಕುವ ಅಂಕಿ) ಪೆನ್ಸಿಲಿನಲ್ಲಿ ಬರೆಸಿ. ರಬ್ಬರ್ ಪೆನ್ಸಿಲಿಗೆ ಮಾತ್ರ. ಕೆಳಗಿನ ಅಂಕಿ ಮುಟ್ಟಿದರೆ ವಸ್ತುವೇ ಬೇರೆಯಾಗುತ್ತದೆ: ಎಚ್₂ಒ ಕುಡಿಯುವ ನೀರು, ಎಚ್₂ಒ₂ ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡ್.

ಆಮೇಲೆ ಕಾಳು ಹಿಡಿಸಿ. ಕಬ್ಬಿಣಕ್ಕೆ ಹುಣಸೆಬೀಜ, ಆಕ್ಸಿಜನ್ನಿಗೆ ಕಡಲೆ, ಕಾರ್ಬನ್ನಿಗೆ ಹೆಸರುಕಾಳು. ಅದಿರಿನ ಚೀಟಿ ಮೇಲೆ 2 ಹುಣಸೆಬೀಜ, 3 ಕಡಲೆ. ಸಿಒ ಚೀಟಿ ಮೇಲೆ 1 ಹೆಸರು, 1 ಕಡಲೆ. ಬಿಡಿ ಕಾಳು ಸೇರಿಸುವಂತಿಲ್ಲ, ಬೇಕಾದರೆ ತುಂಬಿದ ಚೀಟಿಯನ್ನೇ ಇನ್ನೊಂದು ಇಡಬೇಕು. ಎಷ್ಟು ಚೀಟಿಯೋ ಅಷ್ಟೇ ಸಹಗುಣಕ.

ಒಂದು ಸಿಒ ಅದಿರಿನಿಂದ ಒಂದೇ ಕಡಲೆ ಎತ್ತಿಕೊಂಡು ಸಿಒ₂ ಆಗುತ್ತದೆ. ಅದಿರಿನ ಮೂರೂ ಕಡಲೆ ಖಾಲಿಯಾಗಬೇಕಾದರೆ ಸಿಒ ಮೂರು ಬೇಕು. ಹುಣಸೆಬೀಜ ಎರಡು ಉಳಿಯುತ್ತವೆ, ಅದೇ ಕಬ್ಬಿಣ.

ಎಫ್‌ಇ₂ಒ₃ + 3ಸಿಒ → 2ಎಫ್‌ಇ + 3ಸಿಒ₂

ಆಕ್ಸಿಜನ್ ಎಡಕ್ಕೆ 3 + 3, ಬಲಕ್ಕೆ 3 × 2. ಮಕ್ಕಳು ಆಕ್ಸಿಜನ್ನಿನಿಂದ ಶುರು ಮಾಡಿದ್ದೇ ತೊಡಕು, ಅದು ಮೂರು ಸೂತ್ರಗಳಲ್ಲಿ ಹಂಚಿಹೋಗಿದೆ. ಕಬ್ಬಿಣ, ಕಾರ್ಬನ್ ಮೊದಲು, ಆಕ್ಸಿಜನ್ ಕೊನೆಗೆ. ಕಾರ್ಬನ್ ಸರಿಹೋಗಲು ಸಿಒ, ಸಿಒ₂ ಎರಡಕ್ಕೂ ಒಂದೇ ಸಹಗುಣಕ ಇರಲೇಬೇಕು. ಅಷ್ಟು ಗೊತ್ತಾದರೆ 2ಸಿಒ₂ ಬರೆದು ನಿಲ್ಲುವುದಿಲ್ಲ.

ಪ್ರಶ್ನೆ (ಅದೇ ಶಿಕ್ಷಕಿ)
ಕಾಳು ಉಪಯೋಗಕ್ಕೆ ಬಂತು ಸರ್. ಈಗ ಒಬ್ಬಳ ಪ್ರಶ್ನೆ: 1 ಕೆಜಿ ಅದಿರಿಗೆ 3 ಕೆಜಿ ಸಿಒ ಬೇಕಾ? ಇನ್ನೊಬ್ಬ 2, 6, 4, 6 ಅಂತ ಹಾಕಿದ್ದಾನೆ. ಅದು ತಪ್ಪೇ?

ಉತ್ತರ (ತೋರಣಗಲ್ಲು)
ಸಹಗುಣಕ ಎಣಿಕೆ, ತೂಕವಲ್ಲ. ಪರಮಾಣು ತೂಕ ಕಬ್ಬಿಣಕ್ಕೆ 56, ಆಕ್ಸಿಜನ್ನಿಗೆ 16, ಕಾರ್ಬನ್ನಿಗೆ 12 ಹಿಡಿದರೆ ಎಡಕ್ಕೆ 160 + 84, ಬಲಕ್ಕೆ 112 + 132. ಎರಡೂ 244. ಅಂದರೆ 160 ಕೆಜಿ ಶುದ್ಧ ಹೆಮಟೈಟಿಗೆ (ಎಫ್‌ಇ₂ಒ₃ ಅದಿರಿನ ಹೆಸರು) 84 ಕೆಜಿ ಸಿಒ, ಸಿಗುವ ಕಬ್ಬಿಣ 112 ಕೆಜಿ, ಶೇ 70. ಗಣಿಯಿಂದ ಬರುವ ಅದಿರಿನಲ್ಲಿ ಸಿಲಿಕಾ, ಅಲ್ಯುಮಿನಾ ಬೆರೆತಿರುವುದರಿಂದ ಅಷ್ಟು ದಕ್ಕುವುದಿಲ್ಲ. ಕುಲುಮೆಗೆ ಸಿಒ ಕೂಡ ಲೆಕ್ಕಕ್ಕಿಂತ ಜಾಸ್ತಿಯೇ ಬೇಕು.

2, 6, 4, 6 ಸರಿದೂಗಿದೆ. 2ರಿಂದ ಭಾಗಿಸು ಅನ್ನಿ, ಸೊನ್ನೆ ಅಂಕ ಕೊಡಬೇಡಿ. ಹೆಮಟೈಟ್ ಬಿಡಿ ಅಣುಗಳಾಗಿ ಇರುವುದಿಲ್ಲ, ಹರಳಿನಲ್ಲಿ ಪರಮಾಣುಗಳು 2:3 ಪ್ರಮಾಣದಲ್ಲಿ ಹೆಣೆದಿರುತ್ತವೆ. ಎಂಟನೇ ತರಗತಿಗೆ ಆ ಗೊಡವೆ ಬೇಡ, ಚೀಟಿ ಸಾಕು.

ಉತ್ತರ (ಗಂಗಾವತಿ)
ಮುಂದೆ ಮುಗ್ಗರಿಸುವುದು ಆವರಣದಲ್ಲಿ. 2ಸಿಎ(ಒಎಚ್)₂ ಅಂದರೆ ಸಿಎ (ಕ್ಯಾಲ್ಸಿಯಂ) 2, ಒ 4, ಎಚ್ (ಹೈಡ್ರೋಜನ್) 4. ಆವರಣದ ಬಲಕ್ಕೆ ಕೆಳಗಿರುವ 2 ಬರೀ ಎಚ್‌ಗೆ ಅಂತ ತಿಳಿದು ಒ 2 ಬರೆಯುತ್ತಾರೆ. ಇದನ್ನು ಎಣಿಸಿದ ಮೇಲೆ ಸುಣ್ಣದ ತಿಳಿನೀರಿನ ಸಮೀಕರಣ ಕೊಡಿ:

ಸಿಎ(ಒಎಚ್)₂ + ಸಿಒ₂ → ಸಿಎಸಿಒ₃ + ಎಚ್₂ಒ

ಒ ಎರಡೂ ಕಡೆ 4, ಉಳಿದದ್ದೂ ತಾಳೆ. ಎಲ್ಲ ಸಹಗುಣಕವೂ 1, ಅದನ್ನು ಬರೆಯುವುದಿಲ್ಲ. ಎಣಿಸದೆ ಎಲ್ಲೋ ಒಂದು 2 ತುರುಕುವವರು ಇಲ್ಲೇ ಸಿಕ್ಕಿಬೀಳುತ್ತಾರೆ.