ಕೊರಿಯನ್ನರ ‘ಮೊಕ್ತಾ’, ನಮ್ಮ ‘ತಿನ್ನು’

ಗೆಳೆಯರೇ,

ಕೊರಿಯನ್ ಭಾಷೆಯಲ್ಲಿ ‘ಮೊಕ್ತಾ’ ಅಂದರೆ ತಿನ್ನು. ಅನ್ನಕ್ಕೂ ಅದೇ, ಬೈಗುಳಕ್ಕೂ ಅದೇ. ಅಲ್ಲಿ ವಯಸ್ಸು ತಿಂದರೆ ವಯಸ್ಸಾಯಿತು ಅಂತ, ಹೆದರಿಕೆ ತಿಂದರೆ ಹೆದರಿದ ಅಂತ, ಮನಸ್ಸು ತಿಂದರೆ ಗಟ್ಟಿ ಮನಸ್ಸು ಮಾಡಿದ ಅಂತ. ಫುಟ್‌ಬಾಲ್‌ನಲ್ಲಿ ಗೋಲು ತಿಂದರೆ ಎದುರಾಳಿ ಗೋಲು ಹೊಡೆದ ಅಂತ.

ಹೀಗೆ ಅರ್ಥ ಹೊರಳಿದಾಗ ವಾಕ್ಯದ ಕಟ್ಟೂ ಹೊರಳುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದು.

‘ಒಮ್ಮಾಹಾಂತೆ ಯೋಗುಲ್ ಮೊಗೊತ್ತಾ’ ಅಂದರೆ ಅಮ್ಮನ ಹತ್ರ ಬೈಸಿಕೊಂಡೆ. ‘ಯೋಕ್’ ಬೈಗುಳ, ‘ಒಮ್ಮಾ’ ಅಮ್ಮ, ‘ಹಾಂತೆ’ ಬೈದವರನ್ನು ತೋರಿಸುವ ಪ್ರತ್ಯಯ. ಈಗ ಬೈಗುಳ ತೆಗೆದು ಅನ್ನ (‘ಪಾಪ್’) ಹಾಕಿ ನೋಡಿ: ‘ಒಮ್ಮಾಹಾಂತೆ ಪಾಬುಲ್ ಮೊಗೊತ್ತಾ’. ಈ ವಾಕ್ಯ ನಿಲ್ಲುವುದಿಲ್ಲ. ಅನ್ನ ತಿನ್ನುವಾಗ ಕೆಲಸ ಮಾಡುವವನು ತಿನ್ನುವವನೇ, ಇನ್ನೊಬ್ಬ ಕರ್ತೃವಿಗೆ ಜಾಗ ಇಲ್ಲ. ಬೈಗುಳ ತಿನ್ನುವವನು ಸುಮ್ನೆ ಅನುಭವಿಸುವವನು. ಬೈದವರಿಗೆ ಆಗ ಜಾಗ ಸಿಗುತ್ತದೆ. ಕ್ರಿಯಾಪದದ ರೂಪ ಕರ್ತರಿ (‘ತಿಂದ’ ಅನ್ನುವ ಹಾಗೆ), ಮಾಡುವ ಕೆಲಸ ಕರ್ಮಣಿಯದು (‘ತಿನ್ನಲ್ಪಟ್ಟ’ ಅನ್ನುವ ಹಾಗೆ). ಅದಕ್ಕೇ ಇರಬೇಕು, ಇದಕ್ಕೆ ಮತ್ತೆ ಕರ್ಮಣಿ ರೂಪ ಹತ್ತುವುದಿಲ್ಲ. ಇಲಿ ಬೆಕ್ಕಿನ ಬಾಯಿಗೆ ಬಿತ್ತು ಅನ್ನಲು ‘ಮೊಕ್ತಾ’ದ ಕರ್ಮಣಿ ರೂಪ ‘ಮೊಖಿದಾ’ ಬರುತ್ತದೆ. ಬೈಗುಳದ ಜೊತೆ ಅದು ಬರುವುದಿಲ್ಲ.

ಗೌರವದ ಮಾತೂ ಹೀಗೇ. ಅಜ್ಜಿ ಊಟ ಮಾಡಿದರು ಅನ್ನುವಾಗ ಕೊರಿಯನ್ನರು ‘ಮೊಕ್ತಾ’ ಬಿಟ್ಟು ‘ತುಶಿದಾ’ ಅನ್ನುವ ಬೇರೆ ಪದವನ್ನೇ ಹಿಡಿಯುತ್ತಾರೆ. ಅದೇ ಅಜ್ಜಿ ಗಟ್ಟಿ ಮನಸ್ಸು ಮಾಡಿದರೆ ‘ಮೊಕ್’ ಧಾತು ಅಲ್ಲಾಡುವುದಿಲ್ಲ. ಅದಕ್ಕೆ ಗೌರವದ ‘ಶಿ’ ಸೇರಿ ‘ಮೊಗುಶಿದಾ’ ಆಗುತ್ತದೆ, ಅಷ್ಟೇ.

ಕನ್ನಡದಲ್ಲೂ ಇದೇ ನಡೆ ಕಾಣುತ್ತದೆ ಅಲ್ವಾ? ‘ತಿಂಡಿ ತಗೊಳ್ಳಿ’ ಅಂತ ಹಿರಿಯರಿಗೆ ಹೇಳುತ್ತೇವೆ. ಏಟು ಬಿದ್ದಾಗ ಮಾತ್ರ ಎಷ್ಟೇ ದೊಡ್ಡವರಾದರೂ ‘ಏಟು ತಿಂದರು’ ಎಂದೇ ಹೇಳಬೇಕು. ‘ಮೇಷ್ಟ್ರ ಕೈಲಿ ಏಟು ತಿಂದ’ ಸರಿ, ‘ಮೇಷ್ಟ್ರ ಕೈಲಿ ದೋಸೆ ತಿಂದ’ ಅಂದರೆ ಕಿವಿಗೆ ಕಸಿವಿಸಿ.

ನನ್ನ ಪ್ರಶ್ನೆ ಈ ‘ಕೈಲಿ’ ಬಗ್ಗೆ. ಏಟು, ಒದೆಗೆ ‘ಕೈಲಿ’ ಸಲೀಸು. ಬೈಗುಳಕ್ಕೆ ನನ್ನ ಬಾಯಲ್ಲಿ ‘ಹತ್ರ’ ಬರುತ್ತದೆ, ಕೆಲವರು ‘ಕೈಲಿ ಬೈಸ್ಕೊಂಡೆ’ ಅನ್ನುವುದನ್ನೂ ಕೇಳಿದ್ದೇನೆ. ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ಇಲ್ಲಿ ಏನು ಬಳಸುತ್ತೀರಿ? ‘ಇಂದ’ ಹಾಕಿ ‘ಮೇಷ್ಟ್ರಿಂದ ಏಟು ತಿಂದೆ’ ಅನ್ನುವುದು ನಿಮ್ಮ ಮನೆಮಾತಿನಲ್ಲಿ ಇದೆಯೇ, ಬರಹದಲ್ಲಿ ಮಾತ್ರವೇ? ಒಂದೆರಡು ವಾಕ್ಯ ಆಡುವ ಹಾಗೇ ಬರೆದು ಕಳಿಸಿ.