ತೊಗರಿ ರಾಶಿ ಕಾಲದ ದಮ್ಮು ರೋಗಿಗಳು: ಆಕ್ಸಿಜನ್ ಎಷ್ಟು ಕೊಡಬೇಕು, ನೆಬ್ಯುಲೈಸರ್ ಯಾವುದರಿಂದ ನಡೆಸಬೇಕು?

ಸೇಡಂ_ಸ್ಟಾಫ್‌ನರ್ಸ್:

ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾದರೆ ನಮ್ಮ ಕಡೆ ರಾತ್ರಿ ಪಾಳಿಗೆ ದಮ್ಮು ಹತ್ತಿದವರೇ ಹೆಚ್ಚು ಬರುತ್ತಾರೆ. ಬಹಳ ಮಂದಿ 60 ದಾಟಿದ ಹಳೇ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ರೋಗಿಗಳು: ಬೀಡಿ ಸೇದಿದವರು, ಹಾಸುಗಲ್ಲಿನ ಗಣಿಯಲ್ಲಿ ದುಡಿದವರು, ಜೊತೆಗೆ ಬೀಡಿ ಮುಟ್ಟದೆಯೂ ತೊಗರಿ ಕಟ್ಟಿಗೆ ಒಲೆಯ ಹೊಗೆಯಲ್ಲೇ ಅಡುಗೆ ಮಾಡಿದ ಆಯಿಗಳು.

ಬಂದ ಕೂಡಲೇ ಮಾಸ್ಕ್ ಹಾಕಿ ನಿಮಿಷಕ್ಕೆ 6–8 ಲೀಟರ್ ಆಕ್ಸಿಜನ್ ಬಿಡುವುದು ಇಲ್ಲಿನ ರೂಢಿ. ಎಸ್‌ಪಿಒ2 (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 98–99%ಕ್ಕೆ ಏರುತ್ತದೆ. ತಾಸು, ಎರಡು ತಾಸಿಗೆ ಕೆಲವರು ಮಂಪರಿಗೆ ಜಾರುತ್ತಾರೆ. ಮನೆಯವರು "ಸಿಸ್ಟರ್, ಮುತ್ಯಾಗ ದಮ್ಮು ಭಾಳ ಅದ, ಗ್ಯಾಸ್ ಇನ್ನಾ ಜಾಸ್ತಿ ಬಿಡ್ರಿ" ಅನ್ನುತ್ತಾರೆ. ಎಬಿಜಿ (ರಕ್ತದ ಅನಿಲಗಳ ಪರೀಕ್ಷೆ) ಸೌಲಭ್ಯ ನಮ್ಮಲ್ಲಿಲ್ಲ. ಎಷ್ಟು ಲೀಟರ್ ಕೊಡಬೇಕು, ಯಾವ ಲಕ್ಷಣ ನೋಡಬೇಕು? ನೆಬ್ಯುಲೈಸೇಶನ್ (ಔಷಧವನ್ನು ಮಂಜಾಗಿಸಿ ಉಸಿರಿನಲ್ಲಿ ಕೊಡುವುದು) ಆಕ್ಸಿಜನ್ ಮೇಲೆ ಕೊಡಬಹುದೇ? ಕಲಬುರಗಿಗೆ ರೆಫರ್ ಮಾಡುವಾಗ ಬಿ ಟೈಪ್ ಸಿಲಿಂಡರ್ ದಾರಿಗೆ ಸಾಲುತ್ತದೋ ಇಲ್ಲವೋ ಲೆಕ್ಕ ಹಾಕುವುದು ಹೇಗೆ?

ವಾರ್ಡ್_ಇನ್‌ಚಾರ್ಜ್_ಬೀದರ್:

ಸಿಸ್ಟರ್, ಸಿಒಪಿಡಿ ರೋಗಿಗೆ 99 ಬಂದು ಮಂಪರು ಹತ್ತಿತು ಅಂದರೆ ಅವರು ಸುಧಾರಿಸಿಲ್ಲ, ಕೆಡುತ್ತಿದ್ದಾರೆ. ಇವರಿಗೆ ಗುರಿ 88–92. ಅದನ್ನು ಕೇಸ್ ಶೀಟಿನ ಮೇಲ್ಭಾಗದಲ್ಲೇ ಡಾಕ್ಟರ ಕೈಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಪಾಳಿ ಬದಲಾದಾಗ ಮುಂದಿನವರು 90 ನೋಡಿ ಗಾಬರಿಯಾಗಿ ಫ್ಲೋ ಏರಿಸಿಬಿಡುತ್ತಾರೆ.

ಹೀಗೇಕಾಗುತ್ತದೆ ಅಂದರೆ, ಕೆಟ್ಟ ಗಾಳಿಚೀಲಗಳ ಕಡೆ ಹೋಗುವ ರಕ್ತನಾಳಗಳನ್ನು ದೇಹ ತಾನೇ ಬಿಗಿದಿಟ್ಟು, ರಕ್ತವನ್ನು ಚೆನ್ನಾಗಿರುವ ಭಾಗಕ್ಕೆ ಕಳಿಸುತ್ತಿರುತ್ತದೆ. ಆಕ್ಸಿಜನ್ ಅತಿಯಾದರೆ ಆ ಬಿಗಿತ ಸಡಿಲಾಗಿ ರಕ್ತ ಮತ್ತೆ ಕೆಟ್ಟ ಭಾಗಕ್ಕೇ ಹರಿಯುತ್ತದೆ, ಸಿಒ2 (ಕಾರ್ಬನ್ ಡೈಆಕ್ಸೈಡ್) ಹೊರಗೆ ಹೋಗುವುದಿಲ್ಲ. ಹಿಮೋಗ್ಲೋಬಿನ್ ಹಿಡಿದುಕೊಂಡಿದ್ದ ಸಿಒ2 ಕೂಡ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಉಸಿರಾಟದ ಪ್ರೇರಣೆ ತಗ್ಗುವುದೂ ಒಂದು ಕಾರಣ. ಕ್ಲಾಸಿನಲ್ಲಿ ಅದೊಂದನ್ನೇ ಹೇಳಿಕೊಟ್ಟು ಮುಗಿಸುತ್ತಾರೆ, ಆದರೆ ದೊಡ್ಡ ಪಾಲು ಮೊದಲ ಕಾರಣದ್ದು.

ಹಾಗಂತ ಆಕ್ಸಿಜನ್ ತಡೆಹಿಡಿಯಬೇಡಿ. 70–75ರಲ್ಲಿ ತುಟಿ ನೀಲಿಯಾಗಿ ಬಂದವರಿಗೆ ಮೊದಲು ಜೋರಾಗಿಯೇ ಕೊಡಿ. ಆಕ್ಸಿಜನ್ ಕಡಿಮೆಯಾದರೆ ನಿಮಿಷಗಳಲ್ಲಿ ಜೀವ ಹೋಗುತ್ತದೆ, ಸಿಒ2 ಏರಲು ಅದಕ್ಕಿಂತ ಹೊತ್ತು ಹಿಡಿಯುತ್ತದೆ. 88 ದಾಟಿದ ಮೇಲೆ ಇಳಿಸುತ್ತಾ ಬನ್ನಿ. ಉಳಿದವರಿಗೆ ಮೂಗಿನ ಕ್ಯಾನುಲಾದಲ್ಲಿ (ಮೂಗಿಗೆ ಹಾಕುವ ಸಣ್ಣ ಕೊಳವೆ) 1–2 ಲೀಟರಿನಿಂದ ಶುರು ಮಾಡಿ. 1 ಲೀಟರಿಗೆ ಸುಮಾರು 24%, 2 ಲೀಟರಿಗೆ 28% ಆಕ್ಸಿಜನ್ ಸಿಗುತ್ತದೆ. ರೋಗಿ ಜೋರಾಗಿ ಏದುತ್ತಿದ್ದರೆ ಹೊರಗಿನ ಗಾಳಿ ಬೆರೆತು ಇದು ಏರುಪೇರಾಗುತ್ತದೆ, ಅಂಥವರಿಗೆ ವೆಂಚುರಿ ಮಾಸ್ಕ್ (ವಾಲ್ವಿನ ಮೂಲಕ ನಿಗದಿತ ಪ್ರಮಾಣದಲ್ಲೇ ಆಕ್ಸಿಜನ್ ಕೊಡುವ ಮಾಸ್ಕ್) ಒಳ್ಳೆಯದು. ನೀಲಿ ವಾಲ್ವಿಗೆ 2 ಲೀಟರ್, 24%. ಬಿಳಿಯದಕ್ಕೆ 4 ಲೀಟರ್, 28%. ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆಯಾಗಬಹುದು, ವಾಲ್ವ್ ಮೇಲೆ ಅಚ್ಚಾಗಿರುವ ಅಂಕಿಯನ್ನೇ ನಂಬಿ. ಅದರ ಪಕ್ಕದ ಕಿಂಡಿಗಳನ್ನು ಹೊದಿಕೆ ಮುಚ್ಚಬಾರದು. ಮುಚ್ಚಿದರೆ ಹೊರಗಿನ ಗಾಳಿ ಬೆರೆಯದೆ ಆಕ್ಸಿಜನ್ ಪ್ರಮಾಣ ಏರುತ್ತದೆ. ಚಳಿಗೆ ಅಂತ ಮನೆಯವರು ಕೌದಿಯನ್ನು ಕುತ್ತಿಗೆವರೆಗೆ ಎಳೆದಿರುತ್ತಾರೆ, ನೋಡಿಕೊಳ್ಳಿ.

ಫ್ಲೋ ಕಡಿಮೆ ಮಾಡಲು ಹೋಗಿ ಸಾದಾ ಮಾಸ್ಕಿಗೇ 2 ಲೀಟರ್ ಬಿಡುವುದನ್ನು ಎಲ್ಲಾ ಕಡೆ ನೋಡುತ್ತೇವೆ. ಇದು ತಪ್ಪು. 5 ಲೀಟರಿಗಿಂತ ಕಡಿಮೆಯಾದರೆ ಬಿಟ್ಟ ಉಸಿರು ಮಾಸ್ಕಿನೊಳಗೇ ಉಳಿದು, ಅದನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಕಡಿಮೆ ಬೇಕಿದ್ದರೆ ಮಾಸ್ಕ್ ತೆಗೆದು ಕ್ಯಾನುಲಾ ಹಾಕಿ.

ಮಂಪರು ಕಂಡಾಗ ಹೆದರಿ ಆಕ್ಸಿಜನ್ ಪೂರ್ತಿ ಬಂದ್ ಮಾಡುವುದೂ ಅಷ್ಟೇ ಅಪಾಯ. ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗೆ ಕುಸಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಪ್ರತಿ ಬದಲಾವಣೆಯ ಬಳಿಕ ಐದು ನಿಮಿಷ ಪಕ್ಕದಲ್ಲೇ ನಿಂತು ನೋಡಿ, ಡ್ಯೂಟಿ ಡಾಕ್ಟರನ್ನು ಕರೆಯಿರಿ.

ಎಬಿಜಿ ಇಲ್ಲದ ಕಡೆ ನಿಮ್ಮ ಕಣ್ಣು, ಕೈಯೇ ಎಬಿಜಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ, 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. "ಮುತ್ಯಾ, ಎರಡೂ ಕೈ ಮುಂದ ಚಾಚ್ರಿ, ಅಂಗೈ ಹಿಂದಕ್ಕ ಮಡಚ್ರಿ" ಅಂತ ಹೇಳಿ ಅರ್ಧ ನಿಮಿಷ ನೋಡಿ. ಹಕ್ಕಿ ರೆಕ್ಕೆ ಬಡಿದಂತೆ ಮಣಿಕಟ್ಟು ತಟ್ಟನೆ ಬಿದ್ದು ಎದ್ದರೆ ಸಿಒ2 ಏರಿದೆ ಎಂದು ಅನುಮಾನಿಸಬೇಕು. ಕೈ ಬೆಚ್ಚಗಿದ್ದು ನಾಡಿ ಕುಣಿಯುವುದು, ತಲೆನೋವು, ತೊದಲು ಮಾತು, ಈಗ ರಾತ್ರಿಯೋ ಹಗಲೋ ತಿಳಿಯದಿರುವುದು, ಇವೂ ಅದೇ ಕಡೆ ಬೆರಳು ತೋರುತ್ತವೆ. ಸೊಂಯ್‌ಗುಟ್ಟುತ್ತಿದ್ದ ಎದೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಗಿ, ರೋಗಿ ಸುಸ್ತಾಗಿ ಕಂಡರೆ ಗಾಳಿಯೇ ಆಡುತ್ತಿಲ್ಲ ಎಂದು ತಿಳಿಯಿರಿ. ಮೊದಲ ತಾಸು 15 ನಿಮಿಷಕ್ಕೊಮ್ಮೆ ನೋಡಿ. ಚಾರ್ಟಿನಲ್ಲಿ ಬರೇ "90%" ಬರೆದರೆ ಉಪಯೋಗವಿಲ್ಲ. "ಕ್ಯಾನುಲಾ 2 ಲೀ., 90%, ಉಸಿರು 26, ಎಚ್ಚರ, ಮಾತು ಸರಿ" ಎಂದಿರಬೇಕು.

ಇನ್ನೊಂದು ಮಾತು. ಹಾಸಿಗೆಯಲ್ಲಿ ಒದ್ದಾಡಿ, ಮಾಸ್ಕ್ ಕಿತ್ತೆಸೆಯುವವರಿಗೆ ನಿದ್ದೆ ಇಂಜೆಕ್ಷನ್ ಕೇಳಬೇಡಿ. ಆ ಒದ್ದಾಟವೇ ಆಕ್ಸಿಜನ್ ಕಡಿಮೆಯಾದದ್ದರ ಅಥವಾ ಸಿಒ2 ಹೆಚ್ಚಿದ್ದರ ಗುರುತು. ನಿದ್ದೆಯ ಔಷಧ ಉಳಿದ ಉಸಿರನ್ನೂ ನಿಲ್ಲಿಸಬಹುದು.

ಮನೆಯವರಿಗೆ ಇಷ್ಟು ಹೇಳಿ: "ಆಕ್ಸಿಜನ್ ಭಿ ಔಷಧಿನೇ ಅದ್ರಿ. ಇವ್ರಿಗಿ ಜಾಸ್ತಿ ಕೊಟ್ರ ಮಂಪರು ಹತ್ತಿ ಉಸಿರು ಕಮ್ಮಿ ಆಗ್ತದ." ಬಹುತೇಕರು ಒಪ್ಪುತ್ತಾರೆ. ಜೊತೆಗೆ ಫ್ಲೋಮೀಟರಿನ ಗುಬುಟು ಯಾರೂ ತಿರುಗಿಸದಂತೆ ಒಬ್ಬರನ್ನೇ ಹಾಸಿಗೆ ಪಕ್ಕ ಕೂರಿಸಿ.

ಬಯೋಮೆಡಿಕಲ್_ಯಾದಗಿರಿ:

ಸಿಲಿಂಡರ್ ಲೆಕ್ಕ ನಾನು ಹೇಳ್ತೀನಿ. ಬಿ ಟೈಪ್ ಸಿಲಿಂಡರಿನ ನೀರಿನ ಅಳತೆ, ಅಂದರೆ ಒಳಗೆ ಹಿಡಿಸುವ ನೀರು, 10 ಲೀಟರ್. ತುಂಬಿದಾಗ ಗೇಜ್ (ಒತ್ತಡದ ಮೀಟರ್) ಚದರ ಸೆಂ.ಮೀ.ಗೆ ಸುಮಾರು 150 ಕೆ.ಜಿ. ತೋರಿಸುತ್ತದೆ, ಅಂದರೆ ಸುಮಾರು 1500 ಲೀಟರ್ ಆಕ್ಸಿಜನ್. ಹಾಗಾಗಿ ಗೇಜ್ ಅಂಕಿಯನ್ನು 10ರಿಂದ ಗುಣಿಸಿದರೆ ಉಳಿದ ಲೀಟರ್ ಸಿಗುತ್ತದೆ. ಗೇಜ್ 60 ಇದ್ದರೆ 600 ಲೀಟರ್. ಅದರಲ್ಲಿ 150 ಮೀಸಲು ಬಿಟ್ಟರೆ ಕೈಗೆ 450. ಇದನ್ನು ಫ್ಲೋಗೆ ಭಾಗಿಸಿ: 8 ಲೀಟರಿನಲ್ಲಿ 56 ನಿಮಿಷ, 2 ಲೀಟರಿನಲ್ಲಿ 225 ನಿಮಿಷ. ನಿಮ್ಮಲ್ಲಿಂದ ಕಲಬುರಗಿ ಮುಟ್ಟಿ, ಅಲ್ಲಿ ಕ್ಯಾಶುವಾಲ್ಟಿಯಲ್ಲಿ ಇಳಿಸಿಕೊಳ್ಳುವವರೆಗೆ ಎರಡು ತಾಸು ಹಿಡಿಯಿರಿ. 8 ಲೀಟರಿನ ರೋಗಿಗೆ ಈ ಸಿಲಿಂಡರ್ ಅರ್ಧ ದಾರಿಗೇ ಖಾಲಿ.

ಹಚ್ಚುವ ಮುಂಚೆ ವಾಲ್ವನ್ನು ಒಂದು ಕ್ಷಣ ಸ್ವಲ್ಪ ತೆರೆದು ಮುಚ್ಚಿ, ಬಾಯಲ್ಲಿ ಕೂತ ಧೂಳು ಹಾರಿಹೋಗಲಿ. ಎದುರು ಯಾರೂ ನಿಂತಿರಬಾರದು. ವಾಷರ್ ಇದೆಯೇ ನೋಡಿ, ರೆಗ್ಯುಲೇಟರ್ ಕೂರಿಸಿ, ಚಾವಿಯನ್ನು ನಿಧಾನ ತಿರುಗಿಸಿ. ಸೊಸ್ ಅಂತ ಸದ್ದು ಬಂದರೆ ವಾಷರ್ ಹೋಗಿದೆ. ಎಣ್ಣೆ, ಗ್ರೀಸ್ ಹತ್ತಿದ ಕೈಯಲ್ಲಿ ಮುಟ್ಟಬೇಡಿ, ಒತ್ತಡದ ಆಕ್ಸಿಜನ್ ತಗುಲಿದರೆ ಹೊತ್ತಿಕೊಳ್ಳುತ್ತದೆ. ಫ್ಲೋಮೀಟರಿನಲ್ಲಿ ಗುಂಡಿನ ನಡುಭಾಗ ಯಾವ ಗೆರೆಗಿದೆಯೋ ಅದೇ ಅಳತೆ. ಕೊಳವೆ ನೆಟ್ಟಗಿರಬೇಕು, ವಾಲಿದರೆ ತಪ್ಪು ಅಂಕಿ.

ಹ್ಯುಮಿಡಿಫೈಯರಿನಲ್ಲಿ (ಆಕ್ಸಿಜನ್‌ಗೆ ತೇವ ಸೇರಿಸುವ ನೀರಿನ ಬಾಟಲಿ) ಗುಳ್ಳೆ ಎದ್ದ ಮಾತ್ರಕ್ಕೆ ರೋಗಿಗೆ ಆಕ್ಸಿಜನ್ ಮುಟ್ಟಿತು ಎಂದಲ್ಲ. ಟ್ಯೂಬ್ ಮಡಚಿ ಹಿಡಿಯಿರಿ. ಸೇಫ್ಟಿ ವಾಲ್ವ್ ಸೀಟಿ ಹೊಡೆದರೆ ಸರಿ, ಹೊಡೆಯದಿದ್ದರೆ ಬಾಟಲಿ ಮುಚ್ಚಳದಲ್ಲಿ ಸೋರಿಕೆ ಇದೆ. ನೂರಕ್ಕೆ ತೊಂಬತ್ತು ಸಲ ಮುಚ್ಚಳ ಅಡ್ಡ ಕೂತಿರುತ್ತದೆ.

ಸೇಡಂ_ಸ್ಟಾಫ್‌ನರ್ಸ್:

ಲೆಕ್ಕ ಬಹಳ ಉಪಯೋಗವಾಯಿತು, ಧನ್ಯವಾದ. ದಮ್ಮು ಅಂತ ಬರುವ ಹರೆಯದ ಅಸ್ತಮಾ ರೋಗಿಗಳಿಗೂ 88–92 ಸಾಕೇ? ಬೆಳಗಿನ ಚಳಿಯಲ್ಲಿ ಆಕ್ಸಿಮೀಟರ್ ಒಮ್ಮೆ 82, ಮರುಕ್ಷಣ 93 ತೋರಿಸುತ್ತದೆ, ಯಾವುದನ್ನು ನಂಬುವುದು?

ವಾರ್ಡ್_ಇನ್‌ಚಾರ್ಜ್_ಬೀದರ್:

ಸಾಲುವುದಿಲ್ಲ. ಅಸ್ತಮಾ, ನ್ಯುಮೋನಿಯಾ ರೋಗಿಗಳಿಗೆ 94–98. ಅವರಲ್ಲಿ 90ಕ್ಕೆ ನಿಲ್ಲಿಸಿದರೆ ಚಿಕಿತ್ಸೆ ಕಡಿಮೆ ಬಿತ್ತು ಎಂದೇ ಅರ್ಥ. 88–92 ಸಿಒ2 ಏರುವ ಅಪಾಯ ಇರುವವರಿಗೆ ಮಾತ್ರ.

ಆಕ್ಸಿಮೀಟರ್ ಅಂಕಿ ಬರೆಯುವ ಮುಂಚೆ ಅದು ತೋರಿಸುವ ನಾಡಿಯನ್ನು ನಿಮ್ಮ ಬೆರಳಿನ ಎಣಿಕೆಗೆ ಹೋಲಿಸಿ. ಎರಡೂ ಕೂಡದಿದ್ದರೆ ಆ 82 ಲೆಕ್ಕಕ್ಕಿಲ್ಲ. ಕೈ ಉಜ್ಜಿ ಬೆಚ್ಚಗೆ ಮಾಡಿ, ಮೆಹೆಂದಿ ಇಲ್ಲದ ಬೆರಳಿಗೆ ಹಾಕಿ, ಅರ್ಧ ನಿಮಿಷ ಕಾಯಿರಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೆಂಕಿ ಕಾಯಿಸುತ್ತಾ ಮಲಗಿದವರು ಬಂದರೆ ಎಚ್ಚರ. ಕಾರ್ಬನ್ ಮಾನಾಕ್ಸೈಡ್ ಹೊಕ್ಕಿದ್ದರೆ ಆಕ್ಸಿಮೀಟರ್ 98 ತೋರಿಸುತ್ತಲೇ ಇರುತ್ತದೆ. ಅಂಥವರಿಗೆ ಅಂಕಿ ನೋಡದೆ ರಿಸರ್ವಾಯರ್ ಚೀಲದ ಮಾಸ್ಕಿನಲ್ಲಿ 15 ಲೀಟರ್ ಶುರು ಮಾಡಿ ಡಾಕ್ಟರಿಗೆ ತಿಳಿಸಿ.

ನರ್ಸಿಂಗ್_ಟ್ಯೂಟರ್_ಕಲಬುರಗಿ:

ನೆಬ್ಯುಲೈಸೇಶನ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಸಿಒಪಿಡಿ ರೋಗಿಗೆ ಗಾಳಿಯ ಮೆಷಿನ್ ಮೇಲೆ ಕೊಡಿ, ಮೂಗಿನಲ್ಲಿ 1–2 ಲೀಟರ್ ಕ್ಯಾನುಲಾ ಹಾಗೇ ಇರಲಿ. ಕರೆಂಟ್ ಹೋಗಿ ಆಕ್ಸಿಜನ್ ಮೇಲೆಯೇ ನಡೆಸಬೇಕಾದರೆ 6–8 ಲೀಟರ್, 6 ನಿಮಿಷಕ್ಕಿಂತ ಹೆಚ್ಚು ಬೇಡ, ಮುಗಿದ ತಕ್ಷಣ ಹಳೇ ಫ್ಲೋಗೆ ಮರಳಿ. ಮರೆತು ಅದೇ 8 ಲೀಟರ್ ಬೆಳಗಿನವರೆಗೆ ಬಿಡುವುದೇ ನೀವು ಹೇಳಿದ ಮಂಪರಿಗೆ ದೊಡ್ಡ ಕಾರಣ. ತೀವ್ರ ಅಸ್ತಮಾಕ್ಕಾದರೆ ಆಕ್ಸಿಜನ್ ಮೇಲೆ ಕೊಡುವುದೇ ಸರಿ.

ಚೇಂಬರಿನಲ್ಲಿ ಒಟ್ಟು 4 ಮಿ.ಲೀ. ಇರಲಿ. ತಳದಲ್ಲಿ ಅರ್ಧದಿಂದ 1 ಮಿ.ಲೀ. ಯಾವತ್ತೂ ಉಳಿಯುತ್ತದೆ, ಬರೀ 2.5 ಮಿ.ಲೀ. ಹಾಕಿದರೆ ಔಷಧದ ದೊಡ್ಡ ಪಾಲು ಅಲ್ಲೇ ವ್ಯರ್ಥ. ಬಾಟಲಿಯ ಸಾಲ್ಬುಟಮಾಲ್ (ಶ್ವಾಸನಾಳ ಸಡಿಲಿಸುವ ಔಷಧ) 1 ಮಿ.ಲೀ.ಗೆ 5 ಮಿ.ಗ್ರಾಂ ಇದ್ದರೆ, ಅರ್ಧ ಮಿ.ಲೀ.ನಲ್ಲಿ 2.5 ಮಿ.ಗ್ರಾಂ. ಅದಕ್ಕೆ ನಾರ್ಮಲ್ ಸಲೈನ್ ಬೆರೆಸಿ. ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಶ್ವಾಸನಾಳ ಇನ್ನಷ್ಟು ಬಿಗಿಯಬಹುದು. ಚೇಂಬರ್ ನೆಟ್ಟಗೆ ಹಿಡಿಸಿ, ವಾಲಿದರೆ ಮಂಜು ನಿಲ್ಲುತ್ತದೆ. ಇಪ್ರಾಟ್ರೋಪಿಯಂ (ಇದೂ ಶ್ವಾಸನಾಳ ಸಡಿಲಿಸುವ ಔಷಧ) ಇದ್ದಾಗ ಮಾಸ್ಕ್ ಸಡಿಲವಾಗಿ ಕಣ್ಣಿಗೆ ಹಾಯದಿರಲಿ. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇದ್ದವರಿಗೆ ಮೌತ್‌ಪೀಸ್ ಕೊಡಿ. ಬ್ಯೂಡೆಸೊನೈಡ್ (ಸ್ಟಿರಾಯ್ಡ್ ಔಷಧ) ಆದ ಮೇಲೆ ಬಾಯಿ ಮುಕ್ಕಳಿಸಿ, ಮುಖ ತೊಳೆಸಿ. ಪದೇ ಪದೇ ಸಾಲ್ಬುಟಮಾಲ್ ಕೊಡುವಾಗ ನಾಡಿ, ಪೊಟ್ಯಾಸಿಯಂ ಕಡೆ ಗಮನವಿರಲಿ. ಸ್ಟಿರಾಯ್ಡ್ ಪಡೆಯುವವರ ಸಕ್ಕರೆಯನ್ನೂ ನೋಡಿ.

ಕಿಟ್ ಒಬ್ಬರಿಗೆ ಒಂದೇ. ಒಬ್ಬರ ಮಾಸ್ಕನ್ನು ಸ್ಪಿರಿಟ್‌ನಲ್ಲಿ ಒರೆಸಿ ಮತ್ತೊಬ್ಬರಿಗೆ ಹಾಕುವುದು ದಯವಿಟ್ಟು ನಿಲ್ಲಲಿ. ಗಣಿಯ ಕಲ್ಲುಧೂಳು ಕುಡಿದ ಪುಪ್ಪುಸದಲ್ಲಿ ಟಿಬಿ ಹಿಡಿಯುವುದು ಹೆಚ್ಚು. ಎರಡು ವಾರ ಮೀರಿದ ಕೆಮ್ಮು ಇದ್ದರೆ ಕಫ ಪರೀಕ್ಷೆಗೆ ಕಳಿಸಿ, ಅಲ್ಲಿಯವರೆಗೆ ರೋಗಿಗೆ ಸರ್ಜಿಕಲ್ ಮಾಸ್ಕ್, ನಿಮಗೆ ಎನ್95.

ಫಿಸಿಯೋ_ಆಳಂದ:

ಔಷಧಿಯ ಜೊತೆಗೇ ಕೂರಿಸುವ ರೀತಿ ಸರಿ ಮಾಡಿ, ಅರ್ಧ ದಮ್ಮು ಅಲ್ಲೇ ಇಳಿಯುತ್ತದೆ. ಅಂಗಾತ ಮಲಗಿಸಬೇಡಿ. ಹಾಸಿಗೆ ಅಂಚಿಗೆ ಕೂರಿಸಿ, ಮುಂದೆ ಊಟದ ಟೇಬಲ್ ಇಟ್ಟು, ಮೇಲೆ ಎರಡು ದಿಂಬು, ಮೊಣಕೈ ಊರಿ ಮುಂದಕ್ಕೆ ಬಾಗಲಿ, ಪಾದ ನೆಲಕ್ಕೆ ಅಥವಾ ಸ್ಟೂಲಿಗೆ ತಾಗಲಿ. ಕಾಲು ತೂಗಾಡಿದರೆ ಬೇಗ ದಣಿಯುತ್ತಾರೆ. ಮೂಗಿನಿಂದ ಎರಡು ಎಣಿಕೆ ಎಳೆದು, ಬಿಸಿ ಚಹಾ ಊದುವ ಹಾಗೆ ತುಟಿ ಚೂಪು ಮಾಡಿ ನಾಲ್ಕು ಎಣಿಕೆ ಬಿಡಲಿ. ಜೋರಾಗಿ ಊದಿಸಬೇಡಿ, ಸಣ್ಣ ಶ್ವಾಸನಾಳಗಳು ಮುಚ್ಚಿಕೊಳ್ಳುತ್ತವೆ.

ಕಫ ತೆಗೆಸುವುದಾದರೆ ನೆಬ್ಯುಲೈಸೇಶನ್ ಆಗಿ 10–15 ನಿಮಿಷದ ಬಳಿಕ, ಊಟಕ್ಕೆ ಮುಂಚೆ. ಗಂಜಿ, ಅಂಬಲಿ ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಹೊಟ್ಟೆ ಬಿರಿಯ ಉಂಡರೆ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯುವುದಿಲ್ಲ. ಉಣ್ಣುವಾಗ ಮಾಸ್ಕ್ ತೆಗೆದರೆ ಕ್ಯಾನುಲಾ ಹಾಕಿಯೇ ಉಣ್ಣಿಸಿ.

ಮನೆಗೆ ಕಳಿಸುವ ಮುಂಚೆ ಇನ್ಹೇಲರನ್ನು ಅವರ ಕೈಗೇ ಕೊಟ್ಟು, ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆಯಂಥ ಡಬ್ಬಿ) ಹಚ್ಚಿ ಮಾಡಿ ತೋರಿಸಲು ಹೇಳಿ. ಅಲುಗಾಡಿಸಿ, ಒಂದು ಪಫ್ ಮಾತ್ರ ಒತ್ತಿ, ಐದು ಸಲ ಉಸಿರಾಡಿ, ಅರ್ಧ ನಿಮಿಷ ಬಿಟ್ಟು ಎರಡನೆಯದು. ಎರಡು ಪಫ್ ಒಟ್ಟಿಗೆ ಒತ್ತಿದರೆ ಔಷಧ ಸ್ಪೇಸರ್ ಗೋಡೆಗೆ ಅಂಟುತ್ತದೆ. ಸ್ಪೇಸರನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ಅದ್ದಿ, ಬಟ್ಟೆಯಿಂದ ಒರೆಸದೆ ನೆರಳಲ್ಲಿ ಆರಲು ಬಿಡಲಿ. ರಾಶಿ ಕಣಕ್ಕೆ ಹೋಗಲೇಬೇಕು ಅನ್ನುವವರು ಹೊಟ್ಟು ತೂರುವ ಕಡೆ ನಿಲ್ಲದೆ, ಗಾಳಿ ಯಾವ ಕಡೆಯಿಂದ ಬರುತ್ತದೋ ಮೆಷಿನ್ನಿನ ಆ ಕಡೆ ನಿಲ್ಲಲಿ, ಧೂಳು ಅವರಿಂದ ದೂರ ಹಾರುತ್ತದೆ. ಟವೆಲ್ ಸುತ್ತಿದರೆ ಸಣ್ಣ ಧೂಳು ತಡೆಯುವುದಿಲ್ಲ. ಎನ್95 ಹಾಕಿದರೆ ಉಸಿರು ಕಟ್ಟಿದಂತಾಗುವ ರೋಗಿಯನ್ನು ಕಣಕ್ಕೇ ಕಳಿಸಬೇಡಿ ಅಂತ ಮನೆಯವರಿಗೆ ಹೇಳಿ.