ರೆಸಿಡ್ಯುಯಲ್ ಇಳೀತು, ಬೋಲ್ಟ್ ಲೆಕ್ಕ ಮಾಡಬಹುದಾ? (ಸಿಎಫ್‌ಡಿ, ಅಂದ್ರೆ ಕಂಪ್ಯೂಟರಲ್ಲಿ ಗಾಳಿ-ನೀರಿನ ಹರಿವಿನ ಲೆಕ್ಕ: ಗ್ರೂಪಿನ ಪ್ರಶ್ನೋತ್ತರ)

ಫ್ಯಾಬ್ರಿಕೇಟರ್: ಮೇಡಂ, ಬಾಯ್ಲರ್‌ಗೆ ಉಕ್ಕಿನ ಚಿಮಣಿ. ವ್ಯಾಸ 0.6 ಮೀ, ಸಹಜ ಕಂಪನ 3 ಹರ್ಟ್ಸ್. ಗಾಳಿ ಹರಿವನ್ನ ಸ್ಟೆಡಿ (ಕಾಲಕ್ಕೆ ಬದಲಾಗದ್ದು) ಅಂತ ಹಿಡಿದು, ಕೆ-ಎಪ್ಸಿಲಾನ್ ಅನ್ನೋ ಟರ್ಬ್ಯುಲೆನ್ಸ್ ಮಾಡೆಲಲ್ಲಿ ರನ್ ಮಾಡಿದೆ. ರೆಸಿಡ್ಯುಯಲ್ (ಸಮೀಕರಣದಲ್ಲಿ ಉಳಿದ ದೋಷ) ಕುಣೀತಾನೇ ಇತ್ತು. ಈ ಗ್ರೂಪಲ್ಲಿ ಬಂದ ಫಾರ್ವರ್ಡ್ ನೋಡಿ ರಿಲ್ಯಾಕ್ಸೇಷನ್ (ಪ್ರತಿ ಸುತ್ತಲ್ಲಿ ಉತ್ತರ ಬದಲಾಗೋ ಪ್ರಮಾಣ) 0.2, ಲೆಕ್ಕದ ಸ್ಕೀಮ್ ಫಸ್ಟ್ ಆರ್ಡರ್ (ಒರಟು ಅಂದಾಜು) ಮಾಡಿದೆ. ಕನ್ವರ್ಜ್ ಆಯ್ತು (ಉತ್ತರ ನೆಲೆಗೊಂಡಿತು), ಅಡ್ಡಬಲ ಸೊನ್ನೆ. ಬೋಲ್ಟ್ ಲೆಕ್ಕ ಮಾಡಬಹುದಾ?

ಮೇಡಂ: ಬೇಡ. ಬೋಲ್ಟ್ ಆರ್ಡರ್ ತಡೀರಿ. ಕುಣೀತಿದ್ದದ್ದು ನಿಜವಾದ ಸುಳಿಗಳು. ಚಿಮಣಿಯ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಳಚಿಕೊಳ್ಳೋವು. ಫಸ್ಟ್ ಆರ್ಡರ್ ಸ್ಕೀಮಿನ ಸುಳ್ಳು ಸ್ನಿಗ್ಧತೆ ಅವನ್ನ ಒರೆಸಿಹಾಕಿದೆ.
ಕೈಲೆಕ್ಕ ಮಾಡಿ. ಸುಳಿ ಕಳಚೋ ತಾಳವನ್ನ ಗಾಳಿವೇಗ, ವ್ಯಾಸಕ್ಕೆ ಜೋಡಿಸೋ ಸ್ಟ್ರೌಹಾಲ್ ಸಂಖ್ಯೆ 0.2 ಹಿಡಿದ್ರೆ 3 × 0.6 ÷ 0.2 = ಸೆಕೆಂಡಿಗೆ 9 ಮೀ. ಆ ಗಾಳಿಗೆ ಸುಳಿಗಳ ತಾಳ ಚಿಮಣಿಯ ಸಹಜ ಕಂಪನಕ್ಕೆ ಕೂಡುತ್ತೆ. ಬಿರುಗಾಳಿ ಬೇಕಿಲ್ಲ, ಗಂಟೆಗೆ 32 ಕಿ.ಮೀ. ಗಾಳಿಗೇ ಚಿಮಣಿ ಅಡ್ಡಡ್ಡ ತೂಗುತ್ತೆ, ಬುಡದ ವೆಲ್ಡು ದಣಿದು ಬಿರುಕು ಬಿಡುತ್ತೆ.
ಇನ್ನೊಂದು ತೊಡಕು: ಆ ವೇಗಕ್ಕೆ ರೆನಾಲ್ಡ್ಸ್ ಸಂಖ್ಯೆ (ವೇಗ, ಗಾತ್ರಗಳನ್ನ ಸ್ನಿಗ್ಧತೆಗೆ ಹೋಲಿಸೋ ಅಂಕಿ) 3.6 ಲಕ್ಷ. ನಯವಾದ ಸಿಲಿಂಡರಿನ ಡ್ರ್ಯಾಗ್ (ಗಾಳಿ ತಳ್ಳೋ ಬಲದ) ಗುಣಾಂಕ 1.2ರಿಂದ 0.3ರ ಆಸುಪಾಸಿಗೆ ಕುಸಿಯೋದು ಅಲ್ಲೇ, ಮೈಗಂಟಿದ ಪದರ ಲ್ಯಾಮಿನಾರ್‌ನಿಂದ (ನಯ ಹರಿವಿಂದ) ಟರ್ಬ್ಯುಲೆಂಟ್ (ಕದಡಿದ ಹರಿವು) ಆಗುವಾಗ. ಕೆ-ಎಪ್ಸಿಲಾನ್‌ಗೆ ಮೊದಲಿಂದಲೇ ಎಲ್ಲಾ ಟರ್ಬ್ಯುಲೆಂಟ್. ಮೈ ಒರಟಾದ್ರೆ ಕುಸಿತ ಇನ್ನೂ ಮುಂಚೆ. ಹಾಗಾಗಿ ಇಲ್ಲಿ ಸಾಫ್ಟ್‌ವೇರ್ ಕೊಟ್ಟ ಅಂಕಿಗೆ ಸಹಿ ಹಾಕಬೇಡಿ. ಉಕ್ಕಿನ ಚಿಮಣಿಗಳ ಭಾರತೀಯ ಮಾನಕ ಐಎಸ್ 6533 ಭಾಗ 2ರ ಪ್ರಕಾರ ಅಡ್ಡಗಾಳಿ ತಪಾಸಣೆ ಮಾಡಿಸಿ.

ವಿದ್ಯಾರ್ಥಿ: ವೈ-ಪ್ಲಸ್ (ಗೋಡೆಯಿಂದ ಮೆಶ್‌ನ, ಅಂದ್ರೆ ಲೆಕ್ಕದ ಬಲೆಯ, ಮೊದಲ ಕೋಶದ ದೂರದ ಅಳತೆ) ಎಷ್ಟಿರಬೇಕು ಮೇಡಂ?

ಮೇಡಂ: ವಾಲ್ ಫಂಕ್ಷನ್ (ಗೋಡೆ ಹತ್ತಿರ ಸೂತ್ರದ ಅಂದಾಜು) ಇದ್ರೆ 30ರಿಂದ 300, ಗೋಡೆವರೆಗೂ ಬಿಡಿಸೋದಾದ್ರೆ 1. ಗ್ರೂಪಲ್ಲಿ ಹಿಂದೆ ಎರಡು ಸಲ ಬರೆದಿದೀನಿ.

ಪಂಪ್ ವಿನ್ಯಾಸಕ: ಇಂಪೆಲ್ಲರ್‌ಗೆ ಫ್ರೋಜನ್ ರೋಟರ್ (ಒಂದೇ ಭಂಗಿಯಲ್ಲಿ ನಿಲ್ಲಿಸಿ ಲೆಕ್ಕ) ಸಾಕಾ, ಸ್ಲೈಡಿಂಗ್ ಮೆಶ್ (ಮೆಶ್ಶನ್ನೇ ತಿರುಗಿಸೋದು) ಬೇಕಾ?

ಸದಸ್ಯ 1: ಫ್ಯಾಬ್ರಿಕೇಟರ್ ಅವರೇ, ಓಪನ್‌ಫೋಮ್‌ನಲ್ಲಿ ಎಲ್‌ಇಎಸ್ (ದೊಡ್ಡ ಸುಳಿಗಳನ್ನ ನೇರವಾಗಿ ಬಿಡಿಸೋ ವಿಧಾನ) ಹಾಕಿ, ಮುಗೀತು.

ಸದಸ್ಯ 2: ರೆನಾಲ್ಡ್ಸ್ 3.6 ಲಕ್ಷಕ್ಕೆ ಗೋಡೆವರೆಗೂ ಎಲ್‌ಇಎಸ್? ಲ್ಯಾಪ್‌ಟಾಪಲ್ಲಾ? ಪುಕ್ಕಟೆ ಸಾಫ್ಟ್‌ವೇರ್ ಅಂದ್ಕೂಡ್ಲೇ ಪ್ರೊಸೆಸರ್ ಕೋರ್‌ಗಳೂ ಪುಕ್ಕಟೆ ಬರ್ತಾವಾ?

ಸದಸ್ಯ 1: ನೀವು ಕ್ರ್ಯಾಕ್ ಲೈಸೆನ್ಸಲ್ಲಿ ಬಟನ್ ಒತ್ಕೊಂಡಿರಿ.

ಸದಸ್ಯ 2: ಏನ್ರೀ ಮಾತು? ದುಡ್ಡು ಕಟ್ಟಿದೀನಿ.

ಸದಸ್ಯ 3: ಫಾರ್ವರ್ಡ್: «ರೆಸಿಡ್ಯುಯಲ್ 10⁻⁶ ಮುಟ್ಟಿದರೆ ಉತ್ತರ 100% ಸರಿ. ಎಲ್ಲರಿಗೂ ಹಂಚಿ.»

ಮೇಡಂ: ಹಂಚಬೇಡಿ! ಸಮೀಕರಣ ಬಿಡಿಸಿದ್ದು ಸರಿ ಅಂತಷ್ಟೇ ಅದರರ್ಥ. ಮಾಡೆಲ್ ತಪ್ಪಿದ್ರೆ ತಪ್ಪು ಉತ್ತರಾನೇ ಅಚ್ಚುಕಟ್ಟಾಗಿ ಬರುತ್ತೆ. ಬಲದ ಗ್ರಾಫ್ ನೋಡಿ, ಮೂರು ಮೆಶ್‌ಗಳಲ್ಲಿ ಹೋಲಿಸಿ.

ಫ್ಯಾಬ್ರಿಕೇಟರ್: ಹಾಗಾದ್ರೆ ಏನು ಮಾಡ್ಲಿ ಮೇಡಂ?

ಮೇಡಂ: ಮೇಲಿನ ಮೂರನೇ ಒಂದು ಭಾಗಕ್ಕೆ ಸುರುಳಿ ಪಟ್ಟಿ: ಮೂರು ಪಟ್ಟಿ, ಎತ್ತರ 60 ಮಿ.ಮೀ., ಒಂದು ಸುತ್ತಿಗೆ 3 ಮೀ. ಸುಳಿಗಳ ತಾಳ ತಪ್ಪುತ್ತೆ, ಆದ್ರೆ ಡ್ರ್ಯಾಗ್ ಏರುತ್ತೆ. ಬೋಲ್ಟ್ ಲೆಕ್ಕ ಅದಾದ್ಮೇಲೆ. ರನ್ ಮಾಡಲೇಬೇಕಂದ್ರೆ ಟ್ರಾನ್ಸಿಯೆಂಟ್ (ಕಾಲದ ಜೊತೆ ಬದಲಾಗೋ ಲೆಕ್ಕ), 3ಡಿ, ಸೆಕೆಂಡ್ ಆರ್ಡರ್, ಸಮಯದ ಹೆಜ್ಜೆ 0.003 ಸೆಕೆಂಡ್. 2ಡಿ ಅಡ್ಡಬಲವನ್ನ ಹಿಗ್ಗಿಸಿ ತೋರಿಸುತ್ತೆ.

ವಿದ್ಯಾರ್ಥಿ 2: ವೈ-ಪ್ಲಸ್ 12 ಬಂದಿದೆ, ಪರವಾಗಿಲ್ವಾ?

ಮೇಡಂ: ನಡೆಯಲ್ಲ. ಮೇಲೆ ಓದಿ.

ಪಂಪ್ ವಿನ್ಯಾಸಕ: ನನ್ನ ಇಂಪೆಲ್ಲರ್?

ಸದಸ್ಯ 1: ಲೈಸೆನ್ಸ್ ರಸೀದಿ ತೋರ್ಸಿ ನೋಡೋಣ.